ಎಲ್ಲ ಸಾಲಿಗೂ ಸಾಹೇಬರ ಹೆಸರು

ದಾವಣಗೆರೆಯ ಆ ಸಾಫ್ಟ್‌ವೇರ್ ಕಚೇರಿಯಲ್ಲಿ ಯಾರು ಏನು ತಿದ್ದಿದರೂ ಕಂಪ್ಯೂಟರು ಅವರ ಹೆಸರಿನೊಂದಿಗೆ ಪಟ್ಟಿಯಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳುತ್ತಿತ್ತು. ಆ ಪಟ್ಟಿ ಪರದೆಯ ಮೇಲೆ ಹೇಗೆ ಕಾಣಬೇಕೆಂಬ ಅಚ್ಚು, ಅಂದರೆ ಟೆಂಪ್ಲೇಟ್, ಬರೆಯುವುದು ಹಾಲಮ್ಮನ ಕೆಲಸ.

"ನಾಳೆ ಕಂಪನಿ ಯಜಮಾನರು ಪಟ್ಟಿ ನೋಡೋಕೆ ಬರ್ತಾರೆ. ಪ್ರತಿ ಸಾಲಲ್ಲೂ ನನ್ನ ಹೆಸರೇ ಕಾಣಬೇಕು. ಇಲ್ಲಾಂದ್ರೆ ನೀನು ಮನೇಲಿ ಮುದ್ದೆ ತಿರುವು," ಎಂದರು ಮ್ಯಾನೇಜರ್ ರುದ್ರಯ್ಯ.

"ಒಂದು ಸಾಲೂ ಬಿಡಲ್ಲ ಸಾರ್," ಎಂದಳು ಹಾಲಮ್ಮ. ಟೆಂಪ್ಲೇಟಿನಲ್ಲಿ ಹೆಸರಿನ ಜಾಗಕ್ಕೆ ರುದ್ರಯ್ಯನವರನ್ನೇ ಕೂರಿಸಿದಳು.

ಮರುದಿನ ಯಜಮಾನರು ಓದತೊಡಗಿದರು. "ಬಿಲ್ಲಿನ ಪುಟ ಸರಿಮಾಡಿದ್ದು ರುದ್ರಯ್ಯ. ಭೇಷ್! ಗ್ರಾಹಕರ ವಿಳಾಸವೆಲ್ಲ ಅಳಿಸಿದ್ದೂ... ರುದ್ರಯ್ಯ?"

"ಅಯ್ಯೋ, ನಾನಲ್ಲ ಸಾರ್! ಎಲ್ಲ ಇವಳ ಟೆಂಪ್ಲೇಟಿನ ಆಟ. ಹಾಲಮ್ಮ, ನಿಜವಾದ ಹೆಸರು ತೋರಿಸು!"

ಹಾಲಮ್ಮ ಟೆಂಪ್ಲೇಟಿನಲ್ಲಿ ತಾನು ಕೂರಿಸಿದ್ದ ಹೆಸರನ್ನು ಕಿತ್ತುಹಾಕಿದಳು. ಸಾಲುಸಾಲಿಗೂ ಹೆಸರು ಬದಲಾಗಿ, ನಿಜವಾಗಿ ತಿದ್ದಿದವರದು ಬಂತು. ವಿಳಾಸ ಅಳಿಸಿದ ಸಾಲಿನಲ್ಲಿ ಮಾತ್ರ ರುದ್ರಯ್ಯನವರ ಹೆಸರು ಕದಲಲಿಲ್ಲ.

"ಇದನ್ನ ನಾನು ಕೂರಿಸಿದ್ದಲ್ಲ ಸಾರ್," ಎಂದಳು ಹಾಲಮ್ಮ. "ಇದು ನಿಮ್ಮ ಸ್ವಂತದ್ದು."