ಮುಳ್ಳು ಸೊನ್ನೆಗೆ ಬಂದ ಮೇಲೆ

ಚೆನ್ನಮಲ್ಲ ಎಂಬ ಶಿಷ್ಯ ಒಂದು ದಿನ ಗುರುಗಳನ್ನು ಕೇಳಿದ.

"ಬುದ್ಧಿ, ಮಠಕ್ಕೆ ಬಂದ ಹೊಸದರಲ್ಲಿ ಪ್ರಾರ್ಥನೆಗೆ ಕೂತರೆ ಅಳು ಬರುತ್ತಿತ್ತು. ಕರೆದದ್ದೆಲ್ಲ ತಿರುಗಿ ಬಂದು ನನ್ನ ಎದೆಗೇ ಬಡಿಯುತ್ತಿತ್ತು. ಅದಕ್ಕೆ ಉಪವಾಸ ಹಿಡಿದೆ, ಮೌನ ಹಿಡಿದೆ, ಜಪ ಹೆಚ್ಚಿಸಿದೆ. ಒಂದೊಂದು ನೇಮ ಸೇರಿಸಿದಂತೆಲ್ಲ ಒಳಗೆ ತಣ್ಣಗಾಗುತ್ತ ಬಂತು. ಈಗ ಏನೂ ತಿರುಗಿ ಬರುವುದಿಲ್ಲ. ಆದರೆ ಅಳುವಾಗ ಇಲ್ಲೇ ಎಲ್ಲೋ ಇದ್ದಾನೆ ಅನ್ನಿಸುತ್ತಿದ್ದ ದೇವರು ಈಗ ಎಲ್ಲೂ ಇದ್ದಂತೆ ತೋರುವುದಿಲ್ಲ. ಇಷ್ಟು ಶಾಂತಿ ಸಿಕ್ಕಿಯೂ ಯಾಕೆ ಹೀಗೆ?"

ಗುರುಗಳು ಮಠದ ಮೈಕಿನ ತುಂಡಾದ ವೈರನ್ನು ಜೋಡಿಸುತ್ತ ಕೂತಿದ್ದರು. ಕೈಕೆಲಸ ಬಿಡದೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಜೀವ, ಜೊತೆಗೊಂದು ಬೆಕ್ಕು. ಅವನಿಗೆ ಹ್ಯಾಮ್ ರೇಡಿಯೊದ ಹುಚ್ಚು. ಲೈಸೆನ್ಸ್ ಪಡೆದು, ಮನೆಯಲ್ಲೇ ಸೆಟ್ಟು ಇಟ್ಟುಕೊಂಡು, ಕಾಣದ ಊರಿನವರೊಡನೆ ಮಾತಾಡುವ ಹವ್ಯಾಸ ಅದು. ಮಾತು ಆಕಾಶಕ್ಕೆ ಏರಲೆಂದು ಎರಡು ಮರಗಳ ನಡುವೆ ಒಂದು ತಂತಿ ಕಟ್ಟಿದ್ದ. ಆ ತಂತಿಗೂ ಮೇಜಿನ ಮೇಲಿನ ಸೆಟ್ಟಿಗೂ ನಡುವೆ ಒಂದು ದಾರಿ ಬೇಕಲ್ಲ, ಅದಕ್ಕೆ ಎರಡು ಬರಿತಂತಿಗಳನ್ನು ಒಂದಕ್ಕೊಂದು ತಾಗದಂತೆ ನಡುನಡುವೆ ಬಿದಿರುಕಡ್ಡಿ ಕಟ್ಟಿ, ಏಣಿಯ ಹಾಗೆ ಇಳಿಬಿಟ್ಟಿದ್ದ. ಅದು ಗಾಳಿಗೆ ತೂಗಾಡುತ್ತಿತ್ತು. ಗೋಡೆಗೆ, ತಗಡಿಗೆ ತಾಗದಂತೆ ಕಾಯುವುದೇ ಒಂದು ಕೆಲಸವಾಗಿತ್ತು.

ಸೆಟ್ಟಿನ ಪಕ್ಕದಲ್ಲಿ ಒಂದು ಮೀಟರಿತ್ತು. ಕಳಿಸಿದ್ದರಲ್ಲಿ ಮೇಲೆ ಹೋಗಲಾರದೆ ತಿರುಗಿ ಬಂದದ್ದೆಷ್ಟು ಎಂದು ಅದರ ಮುಳ್ಳು ಹೇಳುತ್ತದೆ. ಇವನ ಮುಳ್ಳು ಯಾವಾಗಲೂ ಸ್ವಲ್ಪ ಎದ್ದೇ ಇರುತ್ತಿತ್ತು. ಊರವರ ಮುಳ್ಳುಗಳನ್ನೆಲ್ಲ ಸರಿಮಾಡುವವನಿಗೆ ತನ್ನ ಮನೆಯ ಮುಳ್ಳು ಸರಿಯಿಲ್ಲ ಎಂಬುದು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆಚೂರಿನ ಹಾಗೆ ಕಿರಿಕಿರಿ ಮಾಡುತ್ತಿತ್ತು.

ಸಂಜೆಯಾದರೆ ದೂರದ ದ್ವೀಪವೊಂದರಿಂದ ಒಬ್ಬ ದೀಪಸ್ತಂಭದವನು ಮಾತಿಗೆ ಬರುತ್ತಿದ್ದ. ಹಡಗುಗಳಿಗೆ ದಾರಿ ತೋರುವ ದೀಪ ಹಚ್ಚುವುದು ಅವನ ಕೆಲಸ. ಅವನ ಸೆಟ್ಟು ದೊಡ್ಡದು, ಎಂಥ ಹವೆಯಲ್ಲೂ ಅವನ ದನಿ ಬಂದು ಸೇರುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೂ ಇವನು ಏನು ಅಡುಗೆ ಮಾಡಿದ ಎಂಬುದು ಅವನಿಗೆ ಗೊತ್ತು, ಅವನ ಯಾವ ಮಂಡಿ ನೋಯುತ್ತದೆ ಎಂಬುದು ಇವನಿಗೆ ಗೊತ್ತು.

ಮಳೆಗಾಲ ಹಿಡಿದು ದ್ವೀಪಕ್ಕೆ ದೋಣಿ ನಿಂತಿತ್ತು. ಒಂದು ಸಂಜೆ ದೀಪಸ್ತಂಭದವನು ತಡವರಿಸುತ್ತ ಒಂದು ಮಾತು ಕೇಳಿದ. ಮಳೆ ಮುಗಿದ ಮೇಲೆ ತನಗೆ ನಿವೃತ್ತಿ, ಹೋಗಲು ತನಗೂ ಮನೆಯಿಲ್ಲ, ನಿನ್ನ ಊರಿಗೆ ಬಂದು ನಿನ್ನ ಜೊತೆ ಇರಲೇ ಎಂದ. ಜೀವನದಲ್ಲಿ ಯಾರೂ ಗಡಿಯಾರದವನನ್ನು ಹಾಗೆ ಕೇಳಿರಲಿಲ್ಲ. "ಬಾ" ಎಂದ. ಗುಡುಗಿನ ಗರಗರದಲ್ಲಿ ಆ ಒಂದು ಅಕ್ಷರ ಕೊಚ್ಚಿಹೋಯಿತು. ಕೇಳಿಸಲಿಲ್ಲ, ನಾಳೆ ಹೇಳು ಎಂದು ಆ ಕಡೆಯವನು ಎದ್ದುಹೋದ.

ಗಡಿಯಾರದವನಿಗೆ ನಿದ್ದೆ ಹತ್ತಲಿಲ್ಲ. ಹೇಳಬೇಕಾದದ್ದು ಒಂದೇ ಮಾತು, ಅದು ಚೂರೂ ತಿರುಗಿ ಬರದಂತೆ ಪೂರ್ತಿ ಹೋಗಿ ಮುಟ್ಟಬೇಕು ಎಂದುಕೊಂಡ. ಬೆಳಗಾಗುತ್ತಲೇ ಪೇಟೆಯ ಗುಜರಿ ಅಂಗಡಿಗೆ ಹೋಗಿ ಹಳೆಯ ಕಪ್ಪು ಕೇಬಲಿನ ಒಂದು ದೊಡ್ಡ ಸುರುಳಿ ತಂದ. ಇದನ್ನು ಗೋಡೆಗೆ ಬೇಕಾದರೂ ಬಡಿ, ಮಣ್ಣಲ್ಲಿ ಬೇಕಾದರೂ ಹೂಳು ಎಂದಿದ್ದ ಅಂಗಡಿಯವನು. ಅವನು ಹೇಳಿದ್ದು ಸುಳ್ಳಲ್ಲ. ಬಿದಿರುಕಡ್ಡಿಯ ಏಣಿಯನ್ನು ಬಿಚ್ಚಿ ಮೂಲೆಗೆ ಹಾಕಿ ಕೇಬಲ್ ಎಳೆದ. ಮುಳ್ಳು ಅರ್ಧಕ್ಕಿಳಿಯಿತು. ಉಳಿದ ಕೇಬಲನ್ನು ಕತ್ತರಿಸದೆ ಅದನ್ನೂ ಸೇರಿಸಿ ನೋಡಿದ, ಇನ್ನೂ ಇಳಿಯಿತು. ಹಿಗ್ಗಿಹೋಗಿ ಮತ್ತೊಂದು ಸುರುಳಿ ತಂದು ಜೋಡಿಸಿ ಮೇಜಿನ ಕೆಳಗೆ ಸುತ್ತಿಟ್ಟ. ಮುಳ್ಳು ಸೊನ್ನೆಯ ಮೇಲೆ ಮಲಗಿತು. ಕಳಿಸಿದ್ದರಲ್ಲಿ ಒಂದಿಷ್ಟೂ ತಿರುಗಿ ಬರುತ್ತಿಲ್ಲ, ಅಂದ ಮೇಲೆ ಎಲ್ಲವೂ ಅಲ್ಲಿಗೆ ಹೋಗುತ್ತಿದೆ ಎಂದು ಅವನ ಲೆಕ್ಕ.

ಸಂಜೆ ದೀಪಸ್ತಂಭದವನು ಕರೆದ. ಇವನು ಸ್ಪಷ್ಟವಾಗಿ "ಬಾ" ಎಂದ. ಇದ್ದೀಯಾ ಎಂದು ಅವನು ಮತ್ತೆ ಕರೆದ. ಇವನು ಮತ್ತೆ ಹೇಳಿದ. ಹೀಗೇ ಎಷ್ಟೋ ಸಂಜೆಗಳು ಹೋದವು. ಅವನ ಕರೆ ಇವನಿಗೆ ಕೇಳುತ್ತಿತ್ತು, ಇವನ ಉತ್ತರ ಅವನಿಗೆ ಮುಟ್ಟುತ್ತಿರಲಿಲ್ಲ. ತನ್ನ ಹೆಸರು ಹಿಡಿದು ಒಬ್ಬ ಕೂಗುತ್ತಿರುವಾಗ ಓಗೊಟ್ಟೂ ಓಗೊಡದವನಂತೆ ಕೂರುವುದು ಎಂಥ ಸಂಕಟ ಎಂದು ಅನುಭವಿಸಿದವನಿಗೇ ಗೊತ್ತು. ಹವೆಯನ್ನು ಬೈದ, ಅವನ ಕಿವಿಯನ್ನು ಬೈದ, ದೇವರನ್ನೂ ಬಿಡಲಿಲ್ಲ. ಸೊನ್ನೆ ತೋರುವ ಮುಳ್ಳಿನ ಮೇಲೆ ಮಾತ್ರ ಅವನಿಗೆ ಅನುಮಾನ ಬರಲಿಲ್ಲ. ಬೆಕ್ಕು ಮಾತ್ರ ಸುಖವಾಗಿತ್ತು. ಇವನು ಕರೆಯಲು ಕೂತನೆಂದರೆ ಮೇಜಿನ ಕೆಳಗಿನ ಕೇಬಲ್ ಸುರುಳಿಯ ಮೇಲೆ ಮಲಗಿ ಗುರುಗುಟ್ಟುತ್ತಿತ್ತು.

ಕೊನೆಗೊಂದು ಸಂಜೆ ದೀಪಸ್ತಂಭದವನು ಬೇರೆ ದನಿಯಲ್ಲಿ ಮಾತಾಡಿದ.

"ನಾನು ಹಾಗೆ ಕೇಳಬಾರದಿತ್ತು ಮಾರಾಯ. ನಿನಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ, ಅದಕ್ಕೇ ಸುಮ್ಮನಾದೆ. ನಾಳೆ ಒಂದು ಸಲ ಕರೆಯುತ್ತೇನೆ. ಆಮೇಲೆ ತೊಂದರೆ ಕೊಡುವುದಿಲ್ಲ."

ಗಡಿಯಾರದವನು ಗಂಟಲು ಹರಿಯುವ ತನಕ "ಬಾ, ಬಾ" ಎಂದು ಕೂಗಿದ. ಬೀದಿಯವರಿಗೆಲ್ಲ ಕೇಳಿಸಿತು. ಆ ಕಡೆ ಸೆಟ್ಟು ಆರಿಹೋಗಿತ್ತು. ಸೋತು, ಬೆಕ್ಕನ್ನಾದರೂ ಎತ್ತಿಕೊಳ್ಳೋಣವೆಂದು ಮೇಜಿನ ಕೆಳಗೆ ಬಗ್ಗಿದ. ಕೈ ಸುರುಳಿಗೆ ತಾಗಿತು. ಬೆಕ್ಕು ಮಲಗದ ಕಡೆಯೂ ಸುರುಳಿ ಬೆಚ್ಚಗಿತ್ತು.

ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಇಷ್ಟು ದಿನ ಹೇಳಿದ "ಬಾ" ಎಲ್ಲ ಎಲ್ಲಿ ಹೋಯಿತೆಂದು ಈಗ ತಿಳಿಯಿತು. ಮಾತು ತಂತಿಯನ್ನು ಮುಟ್ಟುವ ಮೊದಲೇ ದಾರಿಯಲ್ಲಿ ಬಿಸಿಯಾಗಿ ಕರಗುತ್ತಿತ್ತು. ಮೇಲೆ ಹೋಗಲಾರದೆ ತಿರುಗಿದ್ದನ್ನೂ ಅದೇ ದಾರಿ ನುಂಗುತ್ತಿತ್ತು. ಹಾಗಾಗಿ ಮುಳ್ಳಿಗೆ ತೋರಿಸಲು ಏನೂ ಉಳಿಯುತ್ತಿರಲಿಲ್ಲ.

ಬೆಳಗಾದ ಮೇಲೆ ಕೇಬಲನ್ನೆಲ್ಲ ಕಿತ್ತೆಸೆದ. ಮೂಲೆಯಲ್ಲಿದ್ದ ಏಣಿಯ ಮುರಿದ ಕಡ್ಡಿಗಳ ಜಾಗಕ್ಕೆ ಹೊಸ ಬಿದಿರು ಸೀಳಿ ಕಟ್ಟಿ, ಮಳೆಯಲ್ಲೇ ನೆನೆಯುತ್ತ ಮೇಲಕ್ಕೇರಿಸಿದ. ಸೆಟ್ಟು ಹಾಕಿದಾಗ ಮುಳ್ಳು ಹಳೆಯ ಜಾಗಕ್ಕೆ ಎದ್ದು ನಿಂತಿತು. ಅದು ಎದ್ದದ್ದು ನೋಡಿ ಅವನ ಕಣ್ಣು ತುಂಬಿತು.

ಸಂಜೆ ದೀಪಸ್ತಂಭದವನು ಒಂದೇ ಸಲ ಕರೆದ. ಇವನು "ಬಾ" ಎಂದ. ಗರಗರದ ನಡುವಿಂದ ದನಿ ಬಂತು.

"ಇಷ್ಟು ದಿನ ಎಲ್ಲಿ ಹೋಗಿದ್ದೆ?"

"ಇಲ್ಲೇ ಇದ್ದೆ. ದಿನಾ ಇದನ್ನೇ ಹೇಳುತ್ತಿದ್ದೆ."

ಗುರುಗಳು ಕತೆ ನಿಲ್ಲಿಸಿ, ಜೋಡಿಸಿದ ವೈರನ್ನು ಎಳೆದು ನೋಡಿ ಕೆಳಗಿಟ್ಟರು. ಚೆನ್ನಮಲ್ಲ ಕಾದ. ಕತೆ ಮುಗಿಯಿತೆಂದು ತಿಳಿದ ಮೇಲೆ, ಹಾಗಾದರೆ ತನ್ನ ಪ್ರಶ್ನೆಗೆ ಉತ್ತರವೇನು ಎಂದು ಮೆಲ್ಲಗೆ ಕೇಳಿದ.

ಗುರುಗಳೆಂದರು: "ನಿನ್ನ ಬೆಕ್ಕು ಎಲ್ಲಿ ಮಲಗುತ್ತಿದೆ, ನೋಡಿಕೊಂಡೆಯಾ?"

ಚೆನ್ನಮಲ್ಲ ತನ್ನ ಜಪಮಣಿಯನ್ನು ಮುಟ್ಟಿ ನೋಡಿಕೊಂಡ, ಬೆಚ್ಚಗಿತ್ತು.