ಬೀಸುವ ಹಾಡುಗಳ ಡಿಸ್ಕ್

“ಗುರುಗಳೇ, ಮೋಸ ಹೋಗದಿರಬೇಕಾದರೆ ಎಷ್ಟು ಅನುಮಾನ ಪಡಬೇಕು?” ಎಂದು ಶಿಷ್ಯನೊಬ್ಬ ಕೇಳಿದ. ಅಳೆದು ಕೊಡಲು ನಾನೇನು ಅಂಗಡಿ ಇಟ್ಟಿದ್ದೇನೆಯೇ ಎಂದು ಗುರುಗಳು ಗದರಿದರು. ಆಮೇಲೆ ಹೇಳತೊಡಗಿದರು.

ಹಾಡು ಸಂಗ್ರಹಿಸುವವನೊಬ್ಬನಿದ್ದ. ಇಪ್ಪತ್ತು ವರ್ಷ ಊರೂರು ತಿರುಗಿ ಮುದುಕಿಯರ ಬೀಸುವ ಹಾಡುಗಳನ್ನು ರೆಕಾರ್ಡ್ ಮಾಡಿದ್ದ. ಕದ್ದಾರೆಂಬ ಭಯಕ್ಕೆ ಒಂದನ್ನೂ ಯಾರಿಗೂ ಕೊಟ್ಟವನಲ್ಲ. ಹಳೆಯ ಕಂಪ್ಯೂಟರ್ ಕೆಟ್ಟ ಮೇಲೆ ಎಲ್ಲವೂ ಉಳಿದದ್ದು ಒಂದು ದೊಡ್ಡ ಬ್ಯಾಕಪ್ ಡಿಸ್ಕಿನಲ್ಲಿ ಮಾತ್ರ.

ತೀರಿಹೋದ ಹಾಡುಗಾರ್ತಿಯೊಬ್ಬಳ ಮಗಳು ಒಂದು ದಿನ ಬಂದು, ಅವ್ವನ ದನಿ ಒಮ್ಮೆ ಕೇಳಿಸಿ ಎಂದಳು. ಡಿಸ್ಕ್ ತೆರೆಯಲೇ ಇಲ್ಲ. ಅವನು ವೈರನ್ನು ಅನುಮಾನಿಸಿದ, ಕರೆಂಟನ್ನು ಅನುಮಾನಿಸಿದ. ಇವಳೇ ಏನಾದರೂ ಮುಟ್ಟಿರಬೇಕು ಎಂದುಕೊಂಡ. ಪಾಪ, ಅವಳು ಹೊಸ್ತಿಲನ್ನೂ ದಾಟಿರಲಿಲ್ಲ.

ಕೊನೆಗೆ ರಿಪೇರಿಯವನ ಬಳಿ ಹೋದ. ಅವನು ನೋಡಿ, “ಹಾಡುಗಳು ಒಳಗೇ ಇವೆ. ಯಾವುದು ಎಲ್ಲಿದೆ ಎಂಬ ಪಟ್ಟಿ ಕೆಟ್ಟಿದೆ ಅಷ್ಟೆ. ಮೊದಲು ಇಡೀ ಡಿಸ್ಕಿನ ನಕಲು ತೆಗೆದುಕೊಳ್ಳೋಣ. ರಿಪೇರಿ ಏನಿದ್ದರೂ ನಕಲಿನ ಮೇಲೆ” ಎಂದ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ರಿಪೇರಿಯವನು ನಕಲು ಎಂದ ಕೂಡಲೇ, ಇವನು ಕಳ್ಳನೇ ಸರಿ ಎಂದು ಹಾಡು ಸಂಗ್ರಹಿಸುವವನು ನಿಶ್ಚಯಿಸಿದ. ಡಿಸ್ಕನ್ನು ಕಿತ್ತುಕೊಂಡು ಮನೆಗೆ ಬಂದ. ತಾನೇ ಕೂತು, ರಿಪೇರಿ ಮಾಡುವ ಪ್ರೋಗ್ರಾಮನ್ನು ಅದೇ ಡಿಸ್ಕಿನ ಮೇಲೆ ಓಡಿಸಿದ. ಇದನ್ನು ಸರಿಪಡಿಸಲೇ ಎಂದು ಅದು ಕೇಳಿತು. ಹೌದು ಎಂದು ಒತ್ತಿದ. ಮತ್ತೆ ಕೇಳಿತು, ಮತ್ತೆ ಒತ್ತಿದ. ನೂರು ಸಲ ಕೇಳಿದಾಗ ಬೇಸತ್ತು, ಎಲ್ಲಕ್ಕೂ ಹೌದು ಎಂದುಬಿಟ್ಟ. ಆ ಕೆಟ್ಟ ಪಟ್ಟಿಗೆ ಹೊಂದದ್ದನ್ನೆಲ್ಲ ಅದು ಅಳಿಸುತ್ತ ಹೋಯಿತು. ಈಗ ಡಿಸ್ಕಿನಲ್ಲಿ ಯಾವ ದೋಷವೂ ಇಲ್ಲ ಎಂದು ತೋರಿಸಿ ನಿಂತಿತು. ತೆರೆದು ನೋಡಿದರೆ ಒಂದು ಹಾಡೂ ಇರಲಿಲ್ಲ.

ಆ ಮಗಳು ಮಾರನೆಯ ದಿನವೂ ಬಂದಳು. ಒಂದು ನುಡಿಯಾದರೂ ಉಳಿದಿಲ್ಲವೇ ಎಂದು ಕೇಳಿದಳು. ಅವನು ಖಾಲಿ ಡಿಸ್ಕನ್ನು ಅವಳ ಮುಂದಿಟ್ಟ. ಅವಳು ಅಲ್ಲೇ ಕೂತು ಅತ್ತು, ಎದ್ದು ಹೋದಳು.

“ಅವನದು ಅನುಮಾನ ಅತಿಯಾಯಿತು, ಅಲ್ಲವೇ?” ಎಂದ ಶಿಷ್ಯ.

“ಅತಿ ಎಲ್ಲಿ ಬಂತಯ್ಯಾ, ಒಬ್ಬನಷ್ಟು ಕಡಿಮೆ ಬಿತ್ತು, ಹೌದು ಎಂದು ಒತ್ತುತ್ತಿದ್ದವನನ್ನು ಅವನು ಅನುಮಾನಿಸಲೇ ಇಲ್ಲ” ಎಂದರು ಗುರುಗಳು.