ನೀಲವ್ವ ಲ್ಯಾಪ್‌ಟಾಪ್ ಬಿಚ್ಚಿದ್ದು

ನೀಲವ್ವ ಮಠಕ್ಕೆ ಬಂದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಬಗಲಲ್ಲಿ ಹಳೆಯ ಲ್ಯಾಪ್‌ಟಾಪ್ ಇತ್ತು. ಯಾರನ್ನೂ ಮಾತಾಡಿಸದೆ ನೇರವಾಗಿ ನದಿಯ ಮೆಟ್ಟಿಲ ಕಡೆ ನಡೆದಳು.

ಆಕೆಯ ಗುರು ಮರುಳಯ್ಯನವರು ಕೊನೆಯ ಮೆಟ್ಟಿಲ ಮೇಲೆ ಕೂತು ಪಂಚೆ ಹಿಂಡುತ್ತಿದ್ದರು.

“ಸರೀರಿ ಅಪ್ಪಾರೆ,” ಅಂದಳು. “ಇದನ್ನ ಹೊಳೀಗೆ ಒಗೀಬೇಕು.”

“ಒಗಿ,” ಅಂದರು. “ಹೊನ್ನವ್ವನ ಫೋಟೋನೂ ಅದರಾಗ ಐತಿ. ಕೂಡೇ ಹೋಗ್ತೈತಿ.”

ನೀಲವ್ವನ ಕೈ ಎತ್ತಿದಲ್ಲೇ ನಿಂತಿತು.

ಹೊನ್ನವ್ವ ಆಕೆಯ ಚಿಗವ್ವ. ತಾಯಿ ಇಲ್ಲದ ನೀಲವ್ವನನ್ನು ಸಾಕಿದವಳು. ಅಂಬಿಗರ ಮನೆಯವಳಾದ್ದರಿಂದ ನಡೆಯುವ ಮೊದಲೇ ಈಜು ಕಲಿತವಳು. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ, ದಿನವೂ ಬಟ್ಟೆ ಒಗೆಯುವ ಜಾಗದಲ್ಲಿ ನೀರಿಗೆ ಇಳಿದಳು. ಹಿಂದಿನ ಸಂಜೆ ಅಲ್ಲಿ ಮೊಣಕಾಲುದ್ದ ನೀರಿತ್ತು. ಅಷ್ಟರೊಳಗೆ ಗುತ್ತಿಗೆದಾರ ವಿರೂಪಣ್ಣನ ಯಂತ್ರಗಳು ಅಲ್ಲಿಯ ಮರಳನ್ನು ಬಗೆದು ಎರಡಾಳು ಆಳದ ಗುಂಡಿ ಮಾಡಿ ಹೋಗಿದ್ದವು. ಗುಂಡಿಯ ಅಂಚು ಕುಸಿದು ಮರಳು ಮೈಮೇಲೆ ಬಿತ್ತು. ಆಕೆ ಏಳಲಿಲ್ಲ.

ಅಂದಿನಿಂದ ನೀಲವ್ವ ಮಠದಲ್ಲೇ ಉಳಿದಳು. ದಿನವೂ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆದಳು. ಲಾರಿಗಳು, ಅವುಗಳ ನಂಬರು, ಅಗಲವಾಗುತ್ತ ಹೋದ ಗುಂಡಿಗಳು. ಒಬ್ಬ ಮೇಷ್ಟ್ರು ಮಠಕ್ಕೆ ಕೊಟ್ಟಿದ್ದ ಆ ಲ್ಯಾಪ್‌ಟಾಪಿನಲ್ಲಿ ತಾರೀಖಿನ ಪ್ರಕಾರ ಎಲ್ಲವನ್ನೂ ಇಟ್ಟಿದ್ದಳು. ವಿರೂಪಣ್ಣನ ಮೇಲೆ ಆಕೆ ಕೊಟ್ಟ ದೂರಿನ ವಿಚಾರಣೆ ಈಗ ಎ.ಸಿ. ಸಾಹೇಬರ ಕಚೇರಿಯಲ್ಲಿ ನಡೆದಿತ್ತು.

“ಏನಾತು ಇವತ್ತು?” ಮರುಳಯ್ಯನವರು ಕೇಳಿದರು.

“ಸಾಹೇಬ್ರ ಮುಂದ ಇಟ್ಟೆರಿ. ತೆರೀಲೇ ಇಲ್ಲ. ತಿರುಗಿಕೋತ ನಿಂತುಬಿಡ್ತು. ಸಾಹೇಬ್ರು ಗಡಿಯಾರ ನೋಡಿದ್ರು. ವಿರೂಪಣ್ಣನ ವಕೀಲ ನಕ್ಕ. ‘ತಂಗಿ, ಮೊದಲು ಇದನ್ನ ರಿಪೇರಿ ಮಾಡಿಸು, ಆಮ್ಯಾಲ ಹೊಳಿ ರಿಪೇರಿ ಮಾಡುವಂತಿ’ ಅಂದ. ಹನ್ನೆರಡು ದಿನ ಬಿಟ್ಟು ಇನ್ನೊಂದ ತಾರೀಖು ಕೊಟ್ಟಾರ. ಅದ ಕೊನೇದಂತ.”

“ಹೂಂ.”

“ಹೊಸಾದು ಕೊಡಸ್ರಿ ಅಪ್ಪಾರೆ.”

“ಮಠದಾಗ ಅಷ್ಟು ರೊಕ್ಕ ಇಲ್ಲ.”

“ಹಂಗಾರ ಏನ್ ಮಾಡ್ಲಿ?”

“ಬಿಚ್ಚು,” ಅಂದರು ಮರುಳಯ್ಯನವರು.

ಮಠಕ್ಕೆ ಬರುವ ಮೊದಲು ಅವರು ಇಪ್ಪತ್ತು ವರ್ಷ ರೇಡಿಯೊ, ಟೀವಿ ರಿಪೇರಿ ಮಾಡಿದವರು. ಒಳಗಿಂದ ಒಂದು ಸಣ್ಣ ಸ್ಕ್ರೂಡ್ರೈವರ್ ತಂದು ಆಕೆಯ ಕೈಗಿಟ್ಟರು.

ಲ್ಯಾಪ್‌ಟಾಪನ್ನು ಮಗುಚಿ ಹಾಕಿ ನೀಲವ್ವ ಮೊದಲ ಸ್ಕ್ರೂ ತಿರುಗಿಸಿದಳು. ಅದು ಸಡಿಲಾಗಲಿಲ್ಲ. ಹಲ್ಲು ಕಚ್ಚಿ ಮತ್ತೆ ತಿರುಗಿಸಿದಳು. ಸ್ಕ್ರೂವಿನ ತಲೆ ಸವೆದು ಹೋಯಿತು.

ಮರುಳಯ್ಯನವರು ಕೈ ಚಾಚಿ ಸ್ಕ್ರೂಡ್ರೈವರ್ ಇಸಿದುಕೊಂಡರು.

“ಇವತ್ತಿಗೆ ಸಾಕು. ನಾಳೆ ಪ್ಯಾಟಿಗೆ ಹೋಗು. ಹಾರ್ಡ್ ಡಿಸ್ಕ್ ಮುಪ್ಪಾಗೈತಿ, ಹುಡುಕಿ ತರೂದರಾಗ ದಣೀತೈತಿ. ಅದರ ಬದಲಿ ಒಂದು ಸಣ್ಣ ಎಸ್‌ಎಸ್‌ಡಿ ತಗೋ. ಅದೊಂದು ಮಾತ್ರ ಹೊಸಾದು ಇರಲಿ. ರ‍್ಯಾಮ್ ಸಾಲೂದಿಲ್ಲ. ಅಂಗಡಿಯಾಗ ಕೆಟ್ಟು ಬಿದ್ದ ಲ್ಯಾಪ್‌ಟಾಪ್ ಇರ್ತಾವ, ಅದರಾಗಿಂದು ಕೇಳಿದ್ರ ಅಗ್ಗಕ್ಕ ಕೊಡ್ತಾನ. ಜಗಳಾಡಬ್ಯಾಡ.”

ನೀಲವ್ವ ಜಗಳಾಡಿದಳು.

ಅಂಗಡಿಯವನು ಲ್ಯಾಪ್‌ಟಾಪಿನ ಹೆಸರು ಕೇಳಿ, “ಅದನ್ನ ಗುಜರಿಗೆ ಹಾಕ್ರಿ,” ಅಂದಿದ್ದ. ನಕ್ಕಿದ್ದ ಕೂಡ. ಆಕೆಗೆ ವಕೀಲನ ನಗು ನೆನಪಾಯಿತು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಬೈದಳು. ಆತ ಎಸ್‌ಎಸ್‌ಡಿಯನ್ನೂ ಕೈಗೆ ಸಿಕ್ಕ ಒಂದು ರ‍್ಯಾಮನ್ನೂ ಕಾಗದದಲ್ಲಿ ಸುತ್ತಿ ಮುಂದೆ ತಳ್ಳಿದ.

ಮರುದಿನ ಮರುಳಯ್ಯನವರು ಸವೆದ ಸ್ಕ್ರೂವಿನ ಮೇಲೆ ಅಗಲವಾದ ರಬ್ಬರ್ ಬ್ಯಾಂಡ್ ಇಟ್ಟು, ಅದರ ಮೇಲೆ ಸ್ಕ್ರೂಡ್ರೈವರ್ ಒತ್ತಿ ನಿಧಾನವಾಗಿ ತಿರುಗಿಸಿದರು. ಸ್ಕ್ರೂ ಬಂತು. ಉಳಿದವನ್ನು ನೀಲವ್ವ ಬಿಚ್ಚಿದಳು. ಫ್ಯಾನಿನ ಸುತ್ತ ಹತ್ತಿಯ ಹಾಗೆ ಧೂಳು ಕೂತಿತ್ತು. ಅದನ್ನು ಬ್ರಷ್ಷಿನಿಂದ ತೆಗೆದಳು.

ಆಮೇಲೆ ರ‍್ಯಾಮ್ ಕೂರಿಸಲು ಹೋದಳು. ಅದು ಕೂರಲಿಲ್ಲ. ಹೆಬ್ಬೆರಳಿಟ್ಟು ಒತ್ತಿದಳು.

ಮರುಳಯ್ಯನವರು ಆಕೆಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು.

“ಕಚ್ಚು ನೋಡು. ಇದರ ಕಚ್ಚು ಒಂದು ಕಡೆ, ಅದರ ಕಚ್ಚು ಒಂದು ಕಡೆ. ಇದು ಈ ಜಾತೀದಲ್ಲ. ಇನ್ನಷ್ಟು ಒತ್ತಿದ್ರ ಬೋರ್ಡ ಮುರೀತೈತಿ.”

ನೀಲವ್ವ ರ‍್ಯಾಮನ್ನು ನೆಲಕ್ಕೆ ಹಾಕಿ ಮುಖ ಮುಚ್ಚಿಕೊಂಡಳು. ಅತ್ತದ್ದು ದುಃಖಕ್ಕಲ್ಲ.

“ಈ ಸಿಟ್ಟು ನನ್ನ ಸುಡಾಕ ಹತ್ತೈತಿ ಅಪ್ಪಾರೆ. ಇದು ಆರೂ ಹಂಗ ಒಂದು ಮಂತ್ರ ಕೊಡ್ರಿ.”

“ಯಾಕ ಆರಬೇಕು?”

ಆಕೆ ತಲೆ ಎತ್ತಿದಳು.

“ಹೊನ್ನವ್ವನ್ನ ಗುಂಡಿಯಿಂದ ಎತ್ತಿದಾವ ನಾನು,” ಅಂದರು ಮರುಳಯ್ಯನವರು. “ಆಕಿ ಬಾಯಾಗಿನ ಮರಳು ತೆಗೆದಾವ ನಾನು. ಅದೇ ವಾರ ವಿರೂಪಣ್ಣ ಬಂದು ಮಠಕ್ಕ ಕಾಂಪೌಂಡ್ ಕಟ್ಟಿಸಿ ಕೊಡ್ತೀನಂದ. ಅವತ್ತಿನಿಂದ ಪೂಜಿಗೆ ಕುಂತಾಗೂ ನನಗ ಸಿಟ್ಟು ಇಳಿದಿಲ್ಲ.”

ಅವರ ದನಿ ಏರಲಿಲ್ಲ. ಬಲಗೈ ಮುಂದೆ ಚಾಚಿದರು. ಬೆರಳುಗಳು ಅಲುಗಲಿಲ್ಲ.

“ಎದಿಯಾಗ ಇರಲಿ. ಬೆರಳಿಗೆ ಬರಬಾರದು.”

ನೀಲವ್ವ ಬಹಳ ಹೊತ್ತು ಆ ಕೈಯನ್ನೇ ನೋಡಿದಳು.

ಮರುದಿನ ಮತ್ತೆ ಪೇಟೆಗೆ ಹೋದಳು. ಈ ಸಲ ಹಳೆಯ ರ‍್ಯಾಮನ್ನೂ ಬಿಚ್ಚಿ ಜೊತೆಗೆ ಒಯ್ದಿದ್ದಳು. ಎರಡನ್ನೂ ಅಂಗಡಿಯವನ ಮುಂದೆ ಅಕ್ಕಪಕ್ಕ ಇಟ್ಟಳು.

“ಮೊನ್ನೆ ನಾ ಬೈದದ್ದು ತಪ್ಪು. ನೀವು ಬ್ಯಾರೆ ಜಾತೀದು ಕೊಟ್ಟದ್ದೂ ತಪ್ಪು. ಕಚ್ಚು ನೋಡ್ರಿ.”

ಆತ ನೋಡಿದ. ಒಳಗೆ ಹೋಗಿ ಹಳೆಯ ಡಬ್ಬಿಯನ್ನೆಲ್ಲ ಕೆದಕಿ ಸರಿಯಾದದ್ದನ್ನು ತಂದ. ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿ, ನಡೆಯುತ್ತದೆಂದು ತೋರಿಸಿಯೇ ಕೊಟ್ಟ.

ನೀಲವ್ವ ಮೆಟ್ಟಿಲ ಮೇಲಿನ ಕಟ್ಟೆಗೆ ಕೂತು ಕೆಲಸ ಶುರು ಮಾಡಿದಳು. ಮರುಳಯ್ಯನವರು ಪಕ್ಕದಲ್ಲಿ ಕೂತು ನದಿ ನೋಡುತ್ತಿದ್ದರು. ಆಚೆ ದಡದಲ್ಲಿ ವಿರೂಪಣ್ಣನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಯಂತ್ರದ ಸದ್ದು ಈಚೆಗೂ ಕೇಳುತ್ತಿತ್ತು.

ಆಕೆ ಒಮ್ಮೆ ಆ ಕಡೆ ನೋಡಿದಳು. ಮೈಯಲ್ಲಿನ ಕರೆಂಟು ರ‍್ಯಾಮಿಗೆ ತಗಲದಿರಲೆಂದು ಕಟ್ಟೆಯ ಪಕ್ಕದ ಕಬ್ಬಿಣದ ನಲ್ಲಿಯನ್ನು ಮುಟ್ಟಿದಳು. ರ‍್ಯಾಮನ್ನು ಓರೆಯಾಗಿ ತೂರಿಸಿ ಮೆಲ್ಲಗೆ ಕೆಳಗೆ ಬಾಗಿಸಿದಳು. ಎರಡೂ ಬದಿಯ ಕೊಕ್ಕೆಗಳು ಟಕ್ಕೆಂದು ಹಿಡಿದುಕೊಂಡವು.

ಹಳೆಯ ಡಿಸ್ಕಿನಲ್ಲಿದ್ದುದೆಲ್ಲ ಹೊಸದಕ್ಕೆ ಇಳಿಯಲು ಇಡೀ ದಿನ ಬೇಕಾಯಿತು. ಆಕೆ ಅದನ್ನು ಮುಟ್ಟಲಿಲ್ಲ, ಬೈಯಲಿಲ್ಲ. ಹೊಸ ಡಿಸ್ಕನ್ನು ಒಳಗೆ ಕೂರಿಸಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದು, ಗುಂಡಿ ಒತ್ತಿದಳು. ಮೊದಲು ಅದು ತೆರೆಯುವಷ್ಟರಲ್ಲಿ ಚಹಾ ಕಾಸಿ ಕುಡಿಯಬಹುದಿತ್ತು. ಈಗ ಒಲೆ ಹಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ.

ನೀಲವ್ವ ನಗಲಿಲ್ಲ. ಮೊದಲ ಫೋಟೋ ತೆರೆದು ತಾರೀಖು ನೋಡತೊಡಗಿದಳು.

ಹನ್ನೆರಡನೆಯ ದಿನ ಸಾಹೇಬರ ಮುಂದೆ ಲ್ಯಾಪ್‌ಟಾಪ್ ಇಟ್ಟಳು. ಫೋಟೋಗಳು ಒಂದರ ಹಿಂದೊಂದು ಬಂದವು. ಸಾಹೇಬರು ಈ ಸಲ ಗಡಿಯಾರ ನೋಡಲಿಲ್ಲ.

ವಕೀಲ ನಡುವೆ ಬಾಯಿ ಹಾಕಿದ. “ನಿಮ್ಮ ಚಿಗವ್ವಗ ಈಜು ಬರ್ತಿರಲಿಲ್ಲೇನು ತಂಗಿ?”

ನೀಲವ್ವನ ದವಡೆ ಬಿಗಿಯಿತು. ಅಲ್ಲಿದ್ದವರಿಗೆ ಆಕೆ ಈಗ ಚೀರುತ್ತಾಳೆ ಅನಿಸಿತು. ವಕೀಲನಿಗೂ ಬೇಕಾಗಿದ್ದು ಅದೇ.

ಆಕೆ ಬೆರಳಿನಿಂದ ಒಂದು ಗುಂಡಿ ಒತ್ತಿದಳು. ಹೊನ್ನವ್ವ ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ಕಟ್ಟಿ, ಬಟ್ಟೆ ಜಾಲಿಸುತ್ತ, ಕ್ಯಾಮೆರಾ ಕಡೆ ನೋಡಿ ನಗುತ್ತಿದ್ದಳು.

“ಇದು ಸಾಯೂ ಹಿಂದಿನ ದಿನ ಸಂಜೀಕ ನಾನ ತೆಗೆದದ್ದು ಸಾಹೇಬ್ರೆ.”

ಮತ್ತೊಂದು ಒತ್ತಿದಳು.

“ಇದು ಮರುದಿನ ಮುಂಜಾನೀದು. ಬಟ್ಟಿ ಒಗಿಯೂ ಕಲ್ಲು ಅದ ಐತಿ ನೋಡ್ರಿ. ಅದರ ಮುಂದಿನ ನೆಲ ಇಲ್ಲ.”

ವಕೀಲ ಮತ್ತೇನೋ ಹೇಳಲು ಹೋದ. ಸಾಹೇಬರು, “ನೀವು ಸುಮ್ನಿರ್ರಿ,” ಅಂದರು. “ತಂಗಿ, ಅವೆರಡನ್ನೂ ಇನ್ನೊಮ್ಮೆ ತೋರಿಸು.”

ಅಂದೇ ಮರಳು ತೆಗೆಯುವುದನ್ನು ನಿಲ್ಲಿಸಲು ಆಜ್ಞೆಯಾಯಿತು. ಹೊನ್ನವ್ವನ ಸಾವಿನ ತನಿಖೆ ಮತ್ತೆ ನಡೆಯಬೇಕೆಂದೂ ಸಾಹೇಬರು ಬರೆಸಿದರು.

ನಾಲ್ಕು ದಿನ ಕಳೆದ ಮೇಲೆ ವಿರೂಪಣ್ಣ ಮಠಕ್ಕೆ ಬಂದ. ಹಣ್ಣಿನ ಬುಟ್ಟಿ ಮುಂದಿಟ್ಟು ಮರುಳಯ್ಯನವರ ಕಾಲಿಗೆರಗಿದ. ಪಡಸಾಲೆಯಲ್ಲಿ ಕೂತಿದ್ದ ನೀಲವ್ವ ಎದ್ದು ನಿಂತಳು. ಅಲ್ಲಿಂದ ಕದಲಲಿಲ್ಲ.

ವಿರೂಪಣ್ಣ ಆಕೆಯ ಕಡೆ ನೋಡದೆ ಹೇಳಿದ.

“ಮಠ ಅಂದ್ರ ಶಾಂತಿ ಇರೂ ಜಾಗ ಅಪ್ಪಾರೆ. ಎರಡು ವರ್ಷ ನಿಮ್ಮ ಪಾದದ ಹತ್ರ ಇದ್ದಾಕಿ ಈಕಿ. ಸಿಟ್ಟು ಬಿಡೂದನ್ನ ಕಲಿಸಲಿಲ್ಲೇನ್ರಿ?”

ಮರುಳಯ್ಯನವರು ಹಣ್ಣಿನ ಬುಟ್ಟಿಯನ್ನು ಅವನ ಕಡೆಗೇ ಸರಿಸಿದರು.

“ಬಿಡೂದನ್ನ ಕಲಿಸೀನಿ ವಿರೂಪಣ್ಣ. ಯಾರ ಮ್ಯಾಲ ಬಿಡಬೇಕು ಅನ್ನೂದು ಆಕಿಗೆ ಮೊದಲ ಗೊತ್ತಿತ್ತು.”